‘ಆನ್ ಆಫ್ ಗ್ರೀನ್ ಗೇಬಲ್ಸ್’ ಕಾದಂಬರಿಯಲ್ಲಿ ಆಸೆ, ಧೈರ್ಯ ಮತ್ತು ದತ್ತು ಬಾಂಧವ್ಯದ ಕುರಿತು ಅರ್ಥಪೂರ್ಣವಾದ ಮಾತುಗಳು ಯಾವುವು?

ಎಲ್. ಎಂ. ಮಾಂಟ್ಗೊಮರಿ ಅವರ ಈ ಕೆನಡಾದ ಕಾದಂಬರಿ (1908) ಮಾತಿನ ಮಲ್ಲಿ ಆನ್‌ಳ ಕಥೆಯಾದರೂ, ಅದರಲ್ಲಿ ನನಗೆ ಎಲ್ಲಕ್ಕಿಂತ ಮಿಗಿಲೆನಿಸುವುದು ಮಿತಭಾಷಿ ಮ್ಯಾಥ್ಯೂನ ಮಾತು. ಹೊಲದ ಕೆಲಸಕ್ಕೆ ನೆರವಾಗಲೆಂದು ಅನಾಥಾಲಯದಿಂದ ಹುಡುಗನನ್ನು ಬಯಸಿದ್ದ ಮ್ಯಾಥ್ಯೂ ಮತ್ತು ಅವನ ಸೋದರಿ ಮರಿಲ್ಲಾಳ ಮನೆಗೆ, ಯಾರದೋ ತಪ್ಪಿನಿಂದ ಬಂದು ಸೇರಿದವಳು ಹನ್ನೊಂದು ವರ್ಷದ ಆನ್. ವರ್ಷಗಳ ನಂತರ, ತಾನು ಗಂಡಾಗಿದ್ದರೆ ಅವನ ದುಡಿಮೆಯ ಭಾರ ಇಳಿಸಬಹುದಿತ್ತೆಂದು ಅವಳು ಕೊರಗಿದಾಗ, ‘ಹನ್ನೆರಡು ಗಂಡುಮಕ್ಕಳಿಗಿಂತ ನನಗೆ ನೀನೇ ಬೇಕು’ ಎನ್ನುವ ಮ್ಯಾಥ್ಯೂ, ‘ನನ್ನ ಹುಡುಗಿ’ ಎಂಬ ಮಾತನ್ನು ಎರಡು ಸಲ ಹೇಳುತ್ತಾನೆ. ಅದು ಅವರಿಬ್ಬರ ಕೊನೆಯ ಸಂಜೆ.

ಆಸೆಯ ವಿಷಯದಲ್ಲಿ, ತನ್ನ ಬದುಕು ‘ಹೂತುಹೋದ ಆಸೆಗಳ ಸ್ಮಶಾನ’ ಎಂಬ ಆನ್‌ಳ ಮಾತು ಪ್ರಸಿದ್ಧ. ಆದರೆ ಅದು ಪುಸ್ತಕವೊಂದರಲ್ಲಿ ಓದಿದ ವಾಕ್ಯವೆಂದೂ, ನಿರಾಸೆಯಾದಾಗಲೆಲ್ಲ ಸಮಾಧಾನಕ್ಕೆ ಹೇಳಿಕೊಳ್ಳುತ್ತೇನೆಂದೂ ಅವಳೇ ಸೇರಿಸುತ್ತಾಳೆ. ಆ ಭಾಗವಿಲ್ಲದೆ ಉದ್ಧರಿಸಿದರೆ ಅದರ ತಿಳಿಹಾಸ್ಯವೇ ಹೋಗುತ್ತದೆ.

ಧೈರ್ಯ ಕಾಣುವುದು ಕೊನೆಯ ಅಧ್ಯಾಯದಲ್ಲಿ. ದೃಷ್ಟಿ ಮಂಕಾಗುತ್ತಿದ್ದ ಮರಿಲ್ಲಾಳ ಜೊತೆಗಿರಲು ಕಾಲೇಜಿನ ವಿದ್ಯಾರ್ಥಿವೇತನವನ್ನೇ ಬಿಟ್ಟುಕೊಡುವ ಆನ್, ದಾರಿಯಲ್ಲೀಗ ತಿರುವೊಂದು ಬಂದಿದೆ, ಅದರಾಚೆ ಏನಿದೆಯೋ ತಿಳಿಯದು, ಆದರೂ ಒಳ್ಳೆಯದೇ ಇದೆಯೆಂದು ನಂಬುತ್ತೇನೆ ಎನ್ನುತ್ತಾಳೆ.