ಎದುರುಬದುರು ಬಾಗಿಲು ಗಾಳಿಗಾಗಿ

ಒಂದು ಫೋಟೋ ಕಳಿಸಿ, ಇಂಗ್ಲೆಂಡಿನ ಹಳೇ ಬಾರ್ನ್‌ಗಳಲ್ಲಿ (ಪೈರು ಒಟ್ಟಿ ಒಕ್ಕುವ ದೊಡ್ಡ ಕಟ್ಟಡಗಳಲ್ಲಿ) ಎದುರುಬದುರಾಗಿ ಅಷ್ಟು ದೊಡ್ಡ ಬಾಗಿಲು ಯಾಕೆ, ಗೋಡೆಯ ಸೀಳುಗಳು ಬಾಣ ಬಿಡೋಕಾ ಅಂತ ಕೇಳಿದ್ದೀರಿ. ಬಾಣಕ್ಕೂ ಅದಕ್ಕೂ ಸಂಬಂಧವಿಲ್ಲ, ಅವು ಗಾಳಿಗಂಡಿಗಳು. ಒಳಗೆ ಒಟ್ಟಿದ ಪೈರಿಗೆ ಬೂಸ್ಟು ಹಿಡಿಯಬಾರದಲ್ವಾ?

ಬಾಗಿಲ ವಿಷಯ ಇನ್ನೂ ಸ್ವಾರಸ್ಯವಾಗಿದೆ. ಆ ಎರಡು ಬಾಗಿಲುಗಳ ನಡುವಿನ ಜಾಗವೇ ಅವರ ಕಣ. ಸುಗ್ಗಿಯಲ್ಲಿ ಗೋಧಿಯ ಸಿವುಡು ತುಂಬಿದ ಗಾಡಿ ಒಂದು ಕಡೆಯಿಂದ ಒಳಗೆ ಬರುತ್ತಿತ್ತು, ಎರಡೂ ಪಕ್ಕಕ್ಕೆ ಇಳಿಸಿ ಒಟ್ಟುತ್ತಿದ್ದರು, ಖಾಲಿ ಗಾಡಿ ತಿರುಗಿಸುವ ರಗಳೆಯಿಲ್ಲದೆ ಇನ್ನೊಂದು ಕಡೆಯಿಂದ ಆಚೆ ಹೋಗುತ್ತಿತ್ತು. ಅದಕ್ಕೇ ಎಷ್ಟೋ ಕಡೆ ಹಿಂದಿನ ಬಾಗಿಲು ಗಿಡ್ಡ. ಖಾಲಿ ಗಾಡಿಗೆ ಅಷ್ಟು ಎತ್ತರ ಯಾಕೆ? ಆಮೇಲೆ ಚಳಿಗಾಲವೆಲ್ಲ ಅದೇ ಕಣದಲ್ಲಿ ಕೋಲಿನಿಂದ ಬಡಿದು ಒಕ್ಕುವುದು, ಎರಡೂ ಬಾಗಿಲು ತೆರೆದು ಅಡ್ಡಗಾಳಿಗೆ ತೂರುವುದು. ಹೊಟ್ಟು ಹಾರಿಹೋಗುತ್ತೆ, ಕಾಳು ಕೆಳಗೆ ಬೀಳುತ್ತೆ.

ನೋಡಲೇಬೇಕಾದ್ದು ಆಕ್ಸ್‌ಫರ್ಡ್‌ಶೈರ್‌ನ ಗ್ರೇಟ್ ಕಾಕ್ಸ್‌ವೆಲ್ ಬಾರ್ನ್. ಬ್ಯೂಲಿ ಮಠದ ಸನ್ಯಾಸಿಗಳು 1292ರ ಸುಮಾರಿಗೆ ಕಟ್ಟಿಸಿದ್ದು, ಉದ್ದ ಸುಮಾರು 152 ಅಡಿ. ಓಕ್ ಕಂಬಗಳು ನೆಲಕ್ಕೆ ತಾಗುವುದೇ ಇಲ್ಲ, ಆಳೆತ್ತರದ ಕಲ್ಲಿನ ಪೀಠಗಳ ಮೇಲೆ ನಿಂತಿವೆ, ಹಾಗಾಗಿ ಬುಡ ತೇವ ಹಿಡಿದು ಕೊಳೆತಿಲ್ಲ. ಇದನ್ನು ಜನ ಟೈದ್ (ಚರ್ಚಿಗೆ ಕೊಡುವ ಬೆಳೆಯ ಪಾಲು) ಬಾರ್ನ್ ಅಂತಾರೆ, ಅದು ತಪ್ಪು. ಇಲ್ಲಿ ತುಂಬುತ್ತಿದ್ದದ್ದು ಚರ್ಚಿಗೆ ಬಂದ ಹತ್ತನೇ ಒಂದು ಪಾಲಲ್ಲ, ಮಠದ ಸ್ವಂತ ಜಮೀನಿನ ಬೆಳೆ.

ನಿಮ್ಮ ಫೋಟೋದಲ್ಲಿ ಗೋಡೆಯ ತುತ್ತತುದಿಗೆ, ಸೂರಿನ ಕೆಳಗೆ ಒಂದು ಚಿಕ್ಕ ಕಿಂಡಿ ಇದೆಯಲ್ಲ, ಅದು ಗೂಬೆಗೆ. ಇಲಿ ಹಿಡಿಯಲಿ ಅಂತ ಬೇಕಂತಲೇ ಬಿಡುತ್ತಿದ್ದರು.