ಕೆಲಸ ಹೋದ ಮೇಲೆ ಓದೋಕೆ ದುಡ್ಡು ಎಲ್ಲಿಂದ?

ಪ್ರಶ್ನೆ: ನನಗೆ 27 ವರ್ಷ. ಬಿ.ಕಾಂ. ಮುಗಿಸಿ ಬೆಂಗಳೂರಿನ ಒಂದು ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತಿದ್ದೆ. ಕಳೆದ ವರ್ಷ ಕೆಲಸದಿಂದ ತೆಗೆದರು. ಈಗ ಊರಲ್ಲೇ ಇದ್ದೇನೆ. ಅಪ್ಪನಿಗೆ ಚಿಕ್ಕ ಕಿರಾಣಿ ಅಂಗಡಿ. ನಮ್ಮದು 2ಎ. ಎಂಬಿಎ ಮಾಡುವ ಆಸೆ. ಏಜೆಂಟರೊಬ್ಬರು ಮ್ಯಾನೇಜ್‌ಮೆಂಟ್ ಸೀಟು, ಲೋನ್ ಎರಡನ್ನೂ ಮಾಡಿಸಿಕೊಡುತ್ತೇನೆ ಅನ್ನುತ್ತಿದ್ದಾರೆ. ನಿರುದ್ಯೋಗಿಗಳಿಗೆ ಅಂತ ಸರ್ಕಾರದಿಂದ ಫೀಸಿಗೆ ಸಹಾಯ ಇಲ್ಲವೇ?
– ಓದುಗಿ, ದಾವಣಗೆರೆ

ಉತ್ತರ: ನೇರವಾಗಿ ಹೇಳುತ್ತೇನೆ. ಕೆಲಸ ಇಲ್ಲ ಅನ್ನುವ ಒಂದೇ ಕಾರಣಕ್ಕೆ ಕಾಲೇಜು ಫೀಸು ಕಟ್ಟುವ ಯೋಜನೆ ನಿಮ್ಮ ಪಾಲಿಗೆ ಇಲ್ಲ. ಇಲ್ಲಿ ಸಹಾಯ ಸಿಗುವುದು ಮೂರು ವಿಷಯ ನೋಡಿ: ಮನೆಯ ವರಮಾನ, ಜಾತಿ, ಮತ್ತು ಸೀಟು ಹೇಗೆ ಸಿಕ್ಕಿತು ಅನ್ನುವುದು. ಮೊದಲಿನ ಎರಡು ನಿಮ್ಮ ಕೈಯಲ್ಲಿಲ್ಲ. ಮೂರನೆಯದು ಇದೆ. ಏಜೆಂಟರು ಕೈ ಹಾಕುತ್ತಿರುವುದೂ ಅದಕ್ಕೇ.

ಹಾಗಾಗಿ ಮೊದಲು ಪಿಜಿಸಿಇಟಿ (ಸ್ನಾತಕೋತ್ತರ ಕೋರ್ಸ್‌ಗಳ ರಾಜ್ಯ ಪ್ರವೇಶ ಪರೀಕ್ಷೆ) ಬರೆಯಿರಿ. ಅದನ್ನು ನಡೆಸುವ ಪರೀಕ್ಷಾ ಪ್ರಾಧಿಕಾರದ (ಕೆಇಎ) ಮೂಲಕ ಸೀಟು ಸಿಕ್ಕರೆ ಫೀಸೇ ಕಡಿಮೆ. ಜೊತೆಗೆ ದೇವರಾಜ ಅರಸು ಹಿಂದುಳಿದ ವರ್ಗಗಳ ಅಭಿವೃದ್ಧಿ ನಿಗಮದ 'ಅರಿವು' ಸಾಲಕ್ಕೂ ದಾರಿಯಾಗುತ್ತದೆ. ವರ್ಷಕ್ಕೆ 1 ಲಕ್ಷದವರೆಗೆ, ಶೇ 2ರ ಬಡ್ಡಿ. ಇಷ್ಟು ಅಗ್ಗದ ಸಾಲ ಯಾವ ಬ್ಯಾಂಕೂ ಕೊಡುವುದಿಲ್ಲ. (ಇದನ್ನು ಓದುತ್ತಿರುವ ಬೇರೆಯವರಿಗೆ: ಒಕ್ಕಲಿಗ, ವೀರಶೈವ ಲಿಂಗಾಯತ, ಮರಾಠ, ವಿಶ್ವಕರ್ಮ ಸಮುದಾಯಗಳಿಗೆ ಬೇರೆ ಬೇರೆ ನಿಗಮಗಳಿವೆ. ಅಲ್ಪಸಂಖ್ಯಾತರಿಗೆ ಕೆಎಂಡಿಸಿ ಇದೆ. ತಪ್ಪು ನಿಗಮಕ್ಕೆ ಅರ್ಜಿ ಹಾಕಿ ಸುಮ್ನೆ ಕಾಯಬೇಡಿ.)

ವಿದ್ಯಾರ್ಥಿವೇತನ, ಶುಲ್ಕ ವಿನಾಯಿತಿಗಳಿಗೆ ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್ ಎಸ್ಎಸ್‌ಪಿಯಲ್ಲಿ ಅರ್ಜಿ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ 'ವಿದ್ಯಾಸಿರಿ'ಯಲ್ಲಿ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಬರುತ್ತದೆ. ಅದಕ್ಕೆ ಬೇಕಾಗುವುದು ನಾಡಕಚೇರಿಯ ಜಾತಿ–ಆದಾಯ ಪತ್ರ, ಅದರ ಮೇಲಿರುವ ಆರ್‌ಡಿ ನಂಬರು. ನಿಮಗೆ ಸಂಬಳ ಬರುತ್ತಿದ್ದಾಗ ಮಾಡಿಸಿದ ಪತ್ರ ಇದ್ದರೆ ಈಗ ಹೊಸದು ಮಾಡಿಸಿ. ಅಡ್ಮಿಶನ್ ಶುರುವಾದ ಮೇಲೆ ನಾಡಕಚೇರಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಆದ್ದರಿಂದ ಈ ತಿಂಗಳೇ ಹೋಗಿ.

ಇನ್ನೊಂದು ಚಿಕ್ಕ ವಿಷಯ, ತುಂಬ ಜನ ಎಡವುವುದು ಇಲ್ಲೇ. 'ನನ್ನ ಖಾತೆಗೆ ಆಧಾರ್ ಲಿಂಕ್ ಆಗಿದೆ' ಅನ್ನುತ್ತಾರೆ. ಸರ್ಕಾರದ ದುಡ್ಡು ಬರಲು ಅದಷ್ಟೇ ಸಾಲದು. ಖಾತೆ ಎನ್‌ಪಿಸಿಐ ಮ್ಯಾಪಿಂಗ್ ಆಗಿರಬೇಕು (ಬ್ಯಾಂಕುಗಳ ನಡುವಿನ ಪಾವತಿ ನೋಡಿಕೊಳ್ಳುವ ಆ ಸಂಸ್ಥೆಯಲ್ಲಿ, ನಿಮ್ಮ ಆಧಾರ್‌ಗೆ ಬರುವ ದುಡ್ಡು ಈ ಖಾತೆಗೆ ಅಂತ ದಾಖಲಾಗಿರಬೇಕು), ಮತ್ತು ಒಂದು ಆಧಾರ್‌ಗೆ ಒಂದೇ ಖಾತೆ ಮ್ಯಾಪ್ ಆಗಿರುತ್ತದೆ. ನಿಮ್ಮಂಥವರಲ್ಲಿ ಅದು ಹಳೆಯ ಕಂಪನಿ ತೆರೆಸಿದ ಸ್ಯಾಲರಿ ಅಕೌಂಟ್ ಆಗಿರುವುದೇ ಜಾಸ್ತಿ. ಆ ಖಾತೆ ನಿಂತುಹೋಗಿದ್ದರೆ ದುಡ್ಡು ಬಂದ ದಾರಿಯಲ್ಲೇ ವಾಪಸ್. ಊರಿನ ಬ್ಯಾಂಕಿಗೆ ಹೋಗಿ 'ಡಿಬಿಟಿಗೆ ಈ ಖಾತೆ ಸೀಡಿಂಗ್ ಮಾಡಿ' ಅಂತಲೇ ಬರೆದುಕೊಡಿ (ಡಿಬಿಟಿ ಅಂದರೆ ಸರ್ಕಾರದ ದುಡ್ಡು ನೇರವಾಗಿ ಖಾತೆಗೆ ಬರುವ ವ್ಯವಸ್ಥೆ).

ಇಷ್ಟಾದ ಮೇಲೂ ಕೊರತೆ ಬಿದ್ದರೆ ಬ್ಯಾಂಕ್ ಸಾಲ. ಕೆಲಸ ಇಲ್ಲದವರಿಗೆ ಸಾಲ ಕೊಡುತ್ತಾರಾ ಅನ್ನುವ ಭಯ ಬೇಡ. ಶಿಕ್ಷಣ ಸಾಲ ಇರುವುದೇ ಸಂಪಾದನೆ ಇಲ್ಲದವರಿಗೆ ಅಲ್ವಾ? ಜೊತೆ ಸಾಲಗಾರರಾಗಿ ಅಪ್ಪ ಸಹಿ ಹಾಕಬೇಕು. 4 ಲಕ್ಷದವರೆಗೆ ಅಡಮಾನ ಕೇಳುವಂತಿಲ್ಲ, ಇದು ರಿಸರ್ವ್ ಬ್ಯಾಂಕ್ ನಿಯಮ. ಓದು ಮುಗಿದು ಒಂದು ವರ್ಷದವರೆಗೆ ಸಾಮಾನ್ಯವಾಗಿ ಕಂತು ಶುರುವಾಗುವುದಿಲ್ಲ, ಆದರೆ ಬಡ್ಡಿ ಏರುತ್ತಲೇ ಇರುತ್ತದೆ. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಪಟ್ಟಿಯಲ್ಲಿರುವ ಕಾಲೇಜಿಗೆ ಸೇರಿದರೆ ಅಡಮಾನವೂ ಬೇಡ, ಜಾಮೀನೂ ಬೇಡ. ಮನೆಯ ವರಮಾನ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ, ಕಂತು ಶುರುವಾಗುವ ತನಕ ಶೇ 3ರ ಬಡ್ಡಿ ರಿಯಾಯಿತಿಗೆ ಅರ್ಜಿ ಹಾಕಬಹುದು. ವರಮಾನ 4.5 ಲಕ್ಷದೊಳಗಿದ್ದು ವೃತ್ತಿಪರ ಕೋರ್ಸ್ ಆದರೆ ಆ ಅವಧಿಯ ಪೂರ್ತಿ ಬಡ್ಡಿ ಸರ್ಕಾರದ್ದು ಅನ್ನುವ ಇನ್ನೊಂದು ಯೋಜನೆಯೂ ಇದೆ. ಆದರೆ ವಿದ್ಯಾಲಕ್ಷ್ಮಿ ಮ್ಯಾನೇಜ್‌ಮೆಂಟ್ ಸೀಟಿಗೆ ಇಲ್ಲ. ಏಜೆಂಟರು ಇದನ್ನು ಹೇಳಿರಲಿಕ್ಕಿಲ್ಲ.

ಅರ್ಜಿ ಹಾಕುವ ಮೊದಲು ನಿಮ್ಮ, ಅಪ್ಪನ, ಇಬ್ಬರ ಸಿಬಿಲ್ ರಿಪೋರ್ಟೂ (ಸಾಲ ಹೇಗೆ ತೀರಿಸಿದ್ದೀರಿ ಅನ್ನುವ ವರದಿ) ತೆಗೆದು ನೋಡಿ. ಕೆಲಸ ಹೋದವರ ಅರ್ಜಿ ಬೀಳುವುದು ಹೆಚ್ಚಾಗಿ ಹಳೆಯ ಕ್ರೆಡಿಟ್ ಕಾರ್ಡ್ ಬಾಕಿಯಿಂದ. ಬಾಕಿ ಇದ್ದರೆ ವಸೂಲಿಯವರು 'ಅರ್ಧ ಕಟ್ಟಿ ಸೆಟಲ್ ಮಾಡಿಕೊಳ್ಳಿ' ಅನ್ನುತ್ತಾರೆ. ಹಾಗೆ ಮಾಡಿದರೆ ರಿಪೋರ್ಟಿನಲ್ಲಿ 'ಸೆಟಲ್ಡ್' ಅಂತ ಉಳಿಯುತ್ತದೆ, ಬ್ಯಾಂಕಿನವರು ಅದನ್ನು ನೋಡಿ ಮುಖ ತಿರುಗಿಸುತ್ತಾರೆ. ಕಷ್ಟವಾದರೂ ಪೂರ್ತಿ ಕಟ್ಟಿ, 'ಕ್ಲೋಸ್ಡ್' ಮಾಡಿಸಿ, ನೋ ಡ್ಯೂ ಪತ್ರ ತೆಗೆದುಕೊಳ್ಳಿ. ಮ್ಯಾನೇಜರ್ ಬಾಯಿಮಾತಲ್ಲೇ 'ಆಗಲ್ಲಮ್ಮ' ಅಂದರೆ ಎದ್ದು ಬರಬೇಡಿ. ಕಾರಣವನ್ನು ಬರೆದು ಕೊಡಿ ಅಂತ ಕೇಳಿ.

ಪ್ರಶ್ನೆ: ಡಿಗ್ರಿ ಆಯಿತು, ಕೆಲಸ ಸಿಕ್ಕಿಲ್ಲ, ಯುವನಿಧಿ ಬರುತ್ತಿದೆ. ಎಂ.ಕಾಂ. ಸೇರಿದರೆ ಅದರ ದುಡ್ಡಲ್ಲೇ ಫೀಸು ಕಟ್ಟಬಹುದೇ?
– ಓದುಗ, ಹಾಸನ

ಉತ್ತರ: ಆಗುವುದಿಲ್ಲ. ಯುವನಿಧಿ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ. ಕೆಲಸ ಸಿಕ್ಕರೆ ನಿಲ್ಲುತ್ತದೆ, ಓದು ಮುಂದುವರಿಸಿದವರು ಅದಕ್ಕೆ ಅರ್ಹರಲ್ಲ. ಕೆಲಸವೂ ಇಲ್ಲ, ಓದುತ್ತಲೂ ಇಲ್ಲ ಅಂತ ನೀವೇ ಘೋಷಣೆ ಕೊಡುತ್ತಿರಬೇಕು. ಸುಳ್ಳು ಹೇಳಿ ಸಿಕ್ಕಿಬೀಳುವ ಸಹವಾಸ ಬೇಡ. ಸೀಟು ಸಿಕ್ಕ ದಿನ ನಿಲ್ಲಿಸಿಬಿಡಿ. ಅಲ್ಲಿಯವರೆಗೆ ಬರುವ ದುಡ್ಡನ್ನು ಪ್ರವೇಶ ಪರೀಕ್ಷೆಯ ಫೀಸಿಗೆ, ಪುಸ್ತಕಕ್ಕೆ ಇಟ್ಟುಕೊಳ್ಳಿ. ಎಸ್‌ಸಿ, ಎಸ್‌ಟಿ ಗೆಳೆಯರಿಗೂ ಒಂದು ಮಾತು ಹೇಳಿ: ಎಂ.ಕಾಂ. ಆದ ಮೇಲೆ ಎಂ.ಎ. ಸೇರಿದರೆ, ಅಂದರೆ ಅದೇ ಹಂತದ ಓದನ್ನು ಇನ್ನೊಂದು ವಿಷಯದಲ್ಲಿ ಮಾಡಿದರೆ, ಕೇಂದ್ರದ ಪೋಸ್ಟ್ ಮೆಟ್ರಿಕ್ ವಿದ್ಯಾರ್ಥಿವೇತನ ಬರುವುದಿಲ್ಲ.

ಪ್ರಶ್ನೆ: ಪೀಣ್ಯದ ಒಂದು ಕಾರ್ಖಾನೆಯಲ್ಲಿ ಐಟಿಐ ಫಿಟ್ಟರ್ ಆಗಿದ್ದೆ. ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಕಟ್ಟುತ್ತಿದ್ದರು. ಈಗ ಕಾರ್ಖಾನೆ ಮುಚ್ಚುತ್ತಿದ್ದಾರೆ. ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಯಂತ್ರದ ಕೆಲಸ) ಕಲಿಯಬೇಕು, ಕೈಯಲ್ಲಿ ಕಾಸಿಲ್ಲ.
– ಓದುಗ, ಬೆಂಗಳೂರು

ಉತ್ತರ: ಮೊದಲನೆಯವರಿಗೆ 'ಇಲ್ಲ' ಅಂದೆನಲ್ಲ, ನಿಮಗೆ ಮಾತ್ರ ಇದೆ! ಇಎಸ್‌ಐ ನಿಗಮದ ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆ 2005ರಿಂದ ನಡೆಯುತ್ತಿದೆ. ಕಾರ್ಖಾನೆ ಮುಚ್ಚಿದರೆ, ಹೆಚ್ಚುವರಿ ಸಿಬ್ಬಂದಿ ಅಂತ ತೆಗೆದರೆ, ವಂತಿಗೆಯ ಷರತ್ತು ಪೂರೈಸಿದವರಿಗೆ ಎರಡು ವರ್ಷದವರೆಗೆ ಭತ್ಯೆ ಸಿಗುತ್ತದೆ. ಆ ಭತ್ಯೆ ಪಡೆಯುವವರು ಕೌಶಲ ತರಬೇತಿ ಪಡೆದರೆ ಅದರ ಶುಲ್ಕವನ್ನೂ ಇಎಸ್‌ಐ ಕೊಡುತ್ತದೆ. ಇದನ್ನು ಕೇಳಿ ಪಡೆದವರು ಬಹಳ ಕಡಿಮೆ. ಯೂನಿಯನ್‌ನವರೂ ಎಷ್ಟೋ ಸಲ ಮರೆತಿರುತ್ತಾರೆ.

ಒಂದೇ ಎಚ್ಚರ. ಮುಚ್ಚುವಾಗ ಎಚ್ಆರ್‌ನವರು 'ಲೆಕ್ಕ ಬೇಗ ಚುಕ್ತಾ ಮಾಡ್ತೀವಿ, ರಾಜೀನಾಮೆ ಬರೆದುಕೊಡಿ' ಅನ್ನಬಹುದು. ಬರೆದುಕೊಟ್ಟರೆ ನೀವಾಗಿಯೇ ಬಿಟ್ಟ ಹಾಗಾಗುತ್ತದೆ, ಈ ಯೋಜನೆ ಕೈತಪ್ಪುತ್ತದೆ. ಕೆಲಸದಿಂದ ತೆಗೆದ ಕಾರಣ ನಮೂದಾಗಿರುವ ಪತ್ರವನ್ನೇ ಕೇಳಿ. ಇಎಸ್‌ಐ ನಂಬರು, ಕೊನೆಯ ಸಂಬಳದ ಚೀಟಿ, ಈ ಪತ್ರ ಹಿಡಿದು ನಿಮ್ಮ ಇಎಸ್‌ಐ ಶಾಖಾ ಕಚೇರಿಗೆ ಹೋಗಿ. ಸಿಎನ್‌ಸಿಯನ್ನು ಸರ್ಕಾರಿ ಟೂಲ್‌ರೂಮ್ ಮತ್ತು ತರಬೇತಿ ಕೇಂದ್ರದಲ್ಲೂ (ಜಿಟಿಟಿಸಿ) ಕಲಿಸುತ್ತಾರೆ, ಆದರೆ ಯಾವ ಸಂಸ್ಥೆಯ ಶುಲ್ಕ ಕೊಡುತ್ತಾರೆ ಅನ್ನುವುದನ್ನು ಶಾಖಾ ಕಚೇರಿಯಲ್ಲಿ ಕೇಳಿಕೊಂಡ ಮೇಲೆಯೇ ಎಲ್ಲಾದರೂ ಅಡ್ವಾನ್ಸ್ ಕಟ್ಟಿ.