ಹೈಕೋರ್ಟ್ ನ್ಯಾಯಮೂರ್ತಿಗಳ ಬದುಕು ಅಷ್ಟೊಂದು ಆರಾಮದ್ದೇ?

ಬಂಗಲೆ, ಕಾರು, ತಿಂಗಳುಗಟ್ಟಲೆ ಬೇಸಿಗೆ ರಜೆ, ಇದಕ್ಕಿಂತ ಸುಖದ ನೌಕರಿ ಉಂಟೇ ಎಂದು ಕೇಳಿದ್ದೀರಿ. ನಾನು ಬೆಂಗಳೂರಿನ ಹೈಕೋರ್ಟಿನಲ್ಲಿ ವಕೀಲ. ಪೀಠದ ಎದುರು ನಿಂತು ಕಂಡಷ್ಟನ್ನು ಹೇಳಬಲ್ಲೆ.

ಕಲಾಪ ಬೆಳಿಗ್ಗೆ ಹತ್ತೂವರೆಗೆ. ಆದರೆ ಕಡತಗಳು ಹಿಂದಿನ ಸಂಜೆಯೇ ನ್ಯಾಯಮೂರ್ತಿಗಳ ಮನೆ ಸೇರಿರುತ್ತವೆ. ಯಾರು ಓದಿ ಬಂದಿದ್ದಾರೆ, ಯಾರು ಇಲ್ಲ ಎಂಬುದು ಅವರು ಕೇಳುವ ಮೊದಲ ಪ್ರಶ್ನೆಗೇ ನಮಗೆ ತಿಳಿದುಬಿಡುತ್ತದೆ. ಸಣ್ಣ ಆದೇಶವನ್ನು ಅಲ್ಲೇ ಶೀಘ್ರಲಿಪಿಗಾರರಿಗೆ ಹೇಳಿ ಬರೆಸುತ್ತಾರೆ. ವಾದ ಮುಗಿದ ಮೇಲೆ ನಂತರ ಹೇಳಲೆಂದು ಕಾಯ್ದಿರಿಸಿದ ತೀರ್ಪು ಶನಿವಾರ, ಭಾನುವಾರಗಳನ್ನು ನುಂಗುತ್ತದೆ. ನೀವು ಹೇಳುವ ಬೇಸಿಗೆ ರಜೆಯನ್ನೂ.

ಹೈಕೋರ್ಟ್ ನ್ಯಾಯಮೂರ್ತಿಯಾಗಲು ಸಂವಿಧಾನದ 217ನೇ ವಿಧಿಯ ಪ್ರಕಾರ 10 ವರ್ಷ ಹೈಕೋರ್ಟಿನಲ್ಲಿ ವಕೀಲಿಕೆ ಮಾಡಿರಬೇಕು, ಇಲ್ಲವೇ 10 ವರ್ಷ ನ್ಯಾಯಾಂಗ ಹುದ್ದೆಯಲ್ಲಿರಬೇಕು. ನಿವೃತ್ತಿ 62ಕ್ಕೆ. ಜಿಲ್ಲಾ ನ್ಯಾಯಾಧೀಶರಾಗಿ ಊರೂರು ಸುತ್ತಿ ಬಂದವರಿಗೆ ಇಲ್ಲಿ ಸಿಗುವುದು ಎಷ್ಟೋ ಸಲ ಕೆಲವೇ ವರ್ಷ. ವಕೀಲರ ಫಜೀತಿ ಬೇರೆ: ನ್ಯಾಯಮೂರ್ತಿಗಳನ್ನು ಆರಿಸುವ ಹಿರಿಯ ನ್ಯಾಯಮೂರ್ತಿಗಳ ಮಂಡಳಿಯಾದ ಕೊಲಿಜಿಯಂ ಹೆಸರು ಶಿಫಾರಸು ಮಾಡಿದ ಮೇಲೂ ದೆಹಲಿಯ ಕೇಂದ್ರ ಸರ್ಕಾರದಿಂದ ತಿಂಗಳುಗಟ್ಟಲೆ ಸುದ್ದಿ ಬಾರದೆ ಹೋಗಬಹುದು. ಅಲ್ಲಿಯವರೆಗೆ ಹೊಸ ಕೇಸು ಹಿಡಿಯಬೇಕೋ ಬೇಡವೋ? ಸಂಬಳ 2016ರ ಜನವರಿಯಿಂದ ಲೆಕ್ಕ ಹಾಕಿ ತಿಂಗಳಿಗೆ 2.25 ಲಕ್ಷ ರೂಪಾಯಿ, ಭತ್ಯೆಗಳು ಬೇರೆ. ಬಡತನವೇನಲ್ಲ, ಆದರೆ ಕೈತುಂಬ ಕೇಸಿರುವ ಹಿರಿಯ ವಕೀಲರಿಗೆ ಅದು ಕೆಲವು ದಿನಗಳ ದುಡಿಮೆ. ರಾಷ್ಟ್ರಪತಿಗಳ ಆದೇಶ ಬಂದರೆ ಬೇರೆ ರಾಜ್ಯದ ಹೈಕೋರ್ಟಿಗೂ ಗಂಟುಮೂಟೆ ಕಟ್ಟಬೇಕು.

ಇದೆಲ್ಲಕ್ಕಿಂತ ನನ್ನನ್ನು ಕಾಡುವುದು ಅವರ ಒಂಟಿತನ. ನನಗೆ ವಕೀಲಿಕೆ ಕಲಿಸಿದ ಹಿರಿಯರು ನ್ಯಾಯಮೂರ್ತಿಗಳಾದರು. ಅದುವರೆಗೆ ದಿನವೂ ಕ್ಯಾಂಟೀನಿನಲ್ಲಿ ಒಂದು ಕಾಫಿಯನ್ನು ಇಬ್ಬರೂ ಹಂಚಿಕೊಂಡು ಕುಡಿಯುತ್ತಿದ್ದೆವು. ಪಕ್ಷಪಾತದ ಅನುಮಾನ ಬರಬಾರದೆಂದು ಪ್ರಮಾಣವಚನದ ಮರುದಿನದಿಂದ ಅದು ನಿಂತಿತು. ನನ್ನ ವಕಾಲತ್ತಿರುವ ಪ್ರಕರಣ ಬಂದರೆ ಅವರು ವಿಚಾರಣೆಯಿಂದ ಹಿಂದೆ ಸರಿಯುತ್ತಾರೆ. ನನ್ನ ಮಗಳ ಮದುವೆಗೆ ಬಂದವರು ಅಕ್ಷತೆ ಹಾಕಿ, ಊಟಕ್ಕೆ ನಿಲ್ಲದೆ ಹೊರಟುಬಿಟ್ಟರು. ಪಂಕ್ತಿಯಲ್ಲಿ ಅರ್ಧಕ್ಕರ್ಧ ವಕೀಲರೇ ಇದ್ದರು, ಏನು ಮಾಡುವುದು! ಆಗ ನನಗೆ ಸ್ವಲ್ಪ ಬೇಸರವಾಗಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ.

ಮುಂದಿನ ವರ್ಷ ಅವರು ನಿವೃತ್ತರಾಗುತ್ತಾರೆ. 220ನೇ ವಿಧಿಯಂತೆ ಅವರು ಸುಪ್ರೀಂ ಕೋರ್ಟಿನಲ್ಲೋ ಬೇರೆ ಹೈಕೋರ್ಟುಗಳಲ್ಲೋ ವಾದಿಸಬಹುದು, ಇಲ್ಲಾಗಲಿ ಕೆಳಗಿನ ನ್ಯಾಯಾಲಯಗಳಲ್ಲಾಗಲಿ ಕೂಡದು. ಕ್ಯಾಂಟೀನಿಗೆ ಬರಬಾರದೆಂದು ಆ ವಿಧಿ ಹೇಳುವುದಿಲ್ಲ, ನೋಡಿಟ್ಟಿದ್ದೇನೆ.